ಡಬ್ಬಿ ಕಳಿಸುವ ಸ್ನಾಯುಗಳು

ಜಗತ್ತಿನಲ್ಲಿ ಕೂಡಿಡುವವರು, ಚೆಲ್ಲುವವರು ಎಂದು ಎರಡು ಜಾತಿಯಿದ್ದರೆ ನಾನು ಎರಡನೆಯ ಜಾತಿ. ಬಹಳ ದಿನ ಅದರ ಬಗ್ಗೆ ಹೆಮ್ಮೆಯೂ ಇತ್ತು. ಹಳೆಯ ಪೇಪರು, ಒಂಟಿ ಕಾಲುಚೀಲ, ಮುಚ್ಚಳ ಕಳೆದ ಪೆನ್ನು ಯಾವುದೂ ನಮ್ಮ ಹಿಮಾಯತ್‌ನಗರದ ಮನೆಯಲ್ಲಿ ಎರಡು ದಿನ ಬಾಳುತ್ತಿರಲಿಲ್ಲ. ನನ್ನ ಹೆಂಡತಿ ಮಹಾದೇವಿ ಕೂಡಿಡುವ ಜಾತಿ. ಸುಲ್ತಾನ್ ಬಜಾರಿನಿಂದ ಆರಿಸಿ ತಂದ ಸ್ಟೀಲಿನ ಡಬ್ಬಿಗಳೇ ಅವಳ ಆಸ್ತಿ. ಶೇಂಗಾ ಚಟ್ನಿ ಕುಟ್ಟಿದಳೆಂದರೆ ಒಂದು ಡಬ್ಬಿ ಎದುರುಮನೆಯ ತೆಲುಗಿನವರಿಗೆ, ಒಂದು ಕೆಳಗಿನ ಮನೆಗೆ. ಡಬ್ಬಿ ಖಾಲಿ ವಾಪಸು ಬರಬಾರದು, ಒಂದು ಚಮಚ ಸಕ್ಕರೆಯಾದರೂ ಒಳಗಿರಬೇಕು ಎಂಬುದು ನಮ್ಮ ರಾಯಚೂರು ಕಡೆಯ ಪದ್ಧತಿ. ಅದನ್ನು ಅವಳು ಇಡೀ ಬಿಲ್ಡಿಂಗಿಗೇ ಕಲಿಸಿಬಿಟ್ಟಿದ್ದಳು.

ನನ್ನ ನೌಕರಿಯೂ ಚೆಲ್ಲುವುದೇ. ಮೂವತ್ತು ವರ್ಷದಿಂದ ಒಂದು ಸಂಶೋಧನಾಲಯದಲ್ಲಿ ಟೆಕ್ನಿಶಿಯನ್. ಅಲ್ಲಿ ಜೀವಕೋಶಗಳನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ ಕೆಂಪು ದ್ರವ ಹಾಕಿ ಬೆಳೆಸುತ್ತೇವೆ. ಅವು ಉಂಡು, ಹೊಲಸು ಮಾಡಿ, ದ್ರವವನ್ನು ಹಳದಿಗೆ ತಿರುಗಿಸುತ್ತವೆ. ಹಳದಿ ಕಂಡರೆ ಹೀರಿ ಚೆಲ್ಲು, ಹೊಸದು ಹಾಕು, ಕೋಶ ಉಳಿಸು. ಈ ಮೂರು ಮಾತಿನಲ್ಲಿ ನನ್ನ ವಿದ್ಯೆಯೆಲ್ಲ ಮುಗಿಯಿತು. ಇದರ ಮೇಲೆಯೇ ಎಷ್ಟೋ ಮಂದಿ ಡಾಕ್ಟರೇಟ್ ಮಾಡಿಕೊಂಡು ಹೋದರು, ನಾನು ತಟ್ಟೆ ಹಿಡಿದು ಅಲ್ಲೇ ಉಳಿದೆ.

ಹೀಗಿರುವಾಗ ಸ್ವಪ್ನಾ ಎಂಬ ವಾರಂಗಲ್ಲಿನ ಹುಡುಗಿ ಪಿಎಚ್‌ಡಿಗೆ ಬಂದಳು. ನನ್ನನ್ನು ಬಾಬಾಯ್, ಅಂದರೆ ಚಿಕ್ಕಪ್ಪ, ಎಂದು ಕರೆಯುತ್ತಿದ್ದಳು. ಮಾಂಸಖಂಡವೆಂದರೆ ಬಾಯಿಲ್ಲದ ಕೂಲಿಯಾಳು, ಎತ್ತು ಎಂದರೆ ಎತ್ತುತ್ತದೆ ಎಂದುಕೊಂಡಿದ್ದವನು ನಾನು. ಸ್ವಪ್ನಾ ಹೇಳುವ ಪ್ರಕಾರ ಅದು ಭಾರಿ ಮಾತುಗಾರ. ಸ್ನಾಯುವಿನ ಕೋಶಗಳು ಕಣ್ಣಿಗೇನು, ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣ ಚೀಲಗಳಲ್ಲಿ ಸುದ್ದಿ ತುಂಬಿ ಹೊರಗೆ ಬಿಡುತ್ತವಂತೆ. ಅವು ಪಕ್ಕದ ಕೋಶಕ್ಕೂ ಹೋಗುತ್ತವೆ, ರಕ್ತದಲ್ಲಿ ತೇಲಿ ದೂರದ ಅಂಗಗಳಿಗೂ ಮುಟ್ಟುತ್ತವೆ. ಸ್ನಾಯು ದುಡಿದಾಗ ಚೀಲವೂ ಹೆಚ್ಚು, ಸುದ್ದಿಯೂ ಬೇರೆ.

ಅದೇ ದಿನಗಳಲ್ಲಿ ಮಹಾದೇವಿ ಹಪ್ಪಳ ಒಣಗಿಸಲು ಟೆರೇಸಿಗೆ ಹೋಗಿ ಮೆಟ್ಟಿಲ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಹೊತ್ತಿನಲ್ಲಿ ತೊಡೆಯ ಸ್ನಾಯುವಿನ ಒಂದು ಚೂರನ್ನು ನಮ್ಮ ಲ್ಯಾಬಿನ ಸಂಶೋಧನೆಗೆ ಕೊಡಲು ಒಪ್ಪಿ ತಾನೇ ಸಹಿ ಹಾಕಿದಳು. ನಾನು ಚೀಲದ ವಿಷಯ ವಿವರಿಸಿದಾಗ ಅವಳಿಗೆ ಒಂದೇ ಏಟಿಗೆ ತಿಳಿಯಿತು.

“ಹಂಗಾರ ನನ್ನ ತೊಡಿನೂ ಡಬ್ಬಿ ಕಳಸತೈತೇನ್ರಿ?”

“ಕಳಸತೈತಿ. ನೀ ಕಾಲು ಆಡಿಸಿದರ ಇನ್ನೂ ಭಾಳ ಕಳಸತೈತಿ.”

“ಆ ಕಡೆಯಿಂದ ಖಾಲಿ ಬರಬಾರದು ನೋಡ್ರಿ ಮತ್ತ,” ಎಂದು ನಕ್ಕಳು.

ಮನೆಗೆ ಕಳಿಸುವಾಗ ಡಾಕ್ಟರು ಎರಡು ಮಾತು ಹೇಳಿದರು: ಕಾಲಿನ ವ್ಯಾಯಾಮ ತಪ್ಪಿಸಬೇಡಿ, ಇವರು ಏನು ತೊಂದರೆ ಹೇಳಿದರೂ ಕೂಡಲೇ ಕರೆತನ್ನಿ. ನಾನು ಮೊದಲನೆಯದನ್ನು ಉಳಿಸಿಕೊಂಡೆ. ಗೋಡೆಗೆ ಚಾರ್ಟು ಹಚ್ಚಿದೆ, ಬೆಳಿಗ್ಗೆ ಟೇಪು ಹಿಡಿದು ತೊಡೆ ಅಳೆದೆ, ಸಣ್ಣಗಾಗುತ್ತಿದೆ ಎಂದು ಬೈದೆ. ಒಂದು ಬೆಳಿಗ್ಗೆ ಅವಳು, “ಯಾಕೋ ನಿನ್ನೆಯಿಂದ ಉಸರು ಸಣ್ಣಗ ಆಗಾಕತ್ತೈತ್ರಿ,” ಅಂದಳು. “ಮೊದಲು ಕಾಲು ಎತ್ತು, ಇನ್ನ ನಾಕು ಬಾಕಿ ಅದಾವ,” ಅಂದೆ. ಎತ್ತಿದಳು. ನಾಲ್ಕೂ ಎತ್ತಿದಳು. ಮರುದಿನ ಮಧ್ಯಾಹ್ನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಳು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಎದೆಗೆ ಏರಿತ್ತು ಅಂದರು. ಆ ಹೊತ್ತಿಗೆ ಚಾರ್ಟು ಪೂರ್ತಿ ತುಂಬಿತ್ತು.

ಕೆಲವು ತಿಂಗಳು ಕಳೆದವು. ಲ್ಯಾಬಿನ ಮಾದರಿಗಳಿಗೆ ಹೆಸರಿರುವುದಿಲ್ಲ, ನಂಬರಷ್ಟೇ. ಆದರೆ ಆಪರೇಷನ್ ದಿನ ಆ ಚೂರಿದ್ದ ಐಸಿನ ಪೆಟ್ಟಿಗೆ ನನ್ನ ಕೈಗೇ ಬಂದಿದ್ದರಿಂದ ಅವಳ ನಂಬರು ನನಗೆ ಗೊತ್ತಿತ್ತು. ಗೊತ್ತಿರಬಾರದಿತ್ತು. ಹೆಪ್ಪುಗಟ್ಟಿಸಿಟ್ಟ ಕೋಶಗಳಲ್ಲಿ ಕೊನೆಯ ಸೀಸೆಯನ್ನು ಸ್ವಪ್ನಾ ಕರಗಿಸಿ ಬೆಳೆಸಿದಳು. ಅವು ಸಾಲಾಗಿ ಕೂಡಿ ಎಳೆಗಳಾದವು. ಸಣ್ಣ ಕರೆಂಟು ಕೊಟ್ಟರೆ ತಟ್ಟೆಯಲ್ಲೇ ಸೆಟೆದು ಸಡಿಲಾಗುತ್ತಿದ್ದವು. ನಾನು ಏನೋ ನೆವ ಮಾಡಿಕೊಂಡು ಹೋಗಿ ನೋಡುತ್ತಿದ್ದೆ. ಅವಳಿಲ್ಲ, ಅವಳ ತೊಡೆ ವ್ಯಾಯಾಮ ಮಾಡುತ್ತಿದೆ. ಇದಕ್ಕೆ ಅಳಬೇಕೋ ನಗಬೇಕೋ ತಿಳಿಯದೆ ಎಷ್ಟೋ ಸಲ ಕನ್ನಡಕ ಒರೆಸಿಕೊಂಡು ಬಂದಿದ್ದೇನೆ.

ಕರೆಂಟು ಕೊಟ್ಟ ಮರುದಿನ ಎಂದಿನಂತೆ ಎಲ್ಲರಿಗಿಂತ ಮೊದಲು ಬಂದೆ. ಮಹಾದೇವಿಯ ತಟ್ಟೆ ಹಳದಿಯಾಗಿತ್ತು. ಪಾಪ, ಹಸಿದಿರಬೇಕು ಎನಿಸಿತು. ಮೂವತ್ತು ವರ್ಷದ ಕೈ ತಾನೇ ಮುಂದೆ ಹೋಗಿ ಹಳೆಯದನ್ನು ಹೀರಿ ಬ್ಲೀಚಿನ ಬಾಟಲಿಗೆ ಕಳಿಸಿತು. ಹೊಸ ಕೆಂಪು ದ್ರವ ಹಾಕಿ, ಒಳ್ಳೆಯ ಗಂಡನ ಹಾಗೆ ಮುಚ್ಚಳ ಮುಚ್ಚಿದೆ.

“ಬಾಬಾಯ್, ಇದರಲ್ಲಿದ್ದ ದ್ರವ ಎಲ್ಲಿ?” ಸ್ವಪ್ನಾ ತೆಲುಗಿನಲ್ಲಿ ಕೇಳಿದಳು.

“ಹಳದಿ ಆಗಿತ್ತಮ್ಮ, ಚೆಲ್ಲಿದೆ. ಕೋಶ ಎಷ್ಟು ಚೆನ್ನಾಗಿವೆ ನೋಡು.”

ಅವಳು ಬೈಯಲಿಲ್ಲ, ಸ್ಟೂಲಿನ ಮೇಲೆ ಕುಳಿತಳು. “ಕೋಶ ಇಟ್ಟುಕೊಂಡು ಏನು ಮಾಡಲಿ ಬಾಬಾಯ್? ಇವು ಚೀಲ ತುಂಬಿ ಹೇಳಿದ್ದೆಲ್ಲ ಆ ದ್ರವದಲ್ಲೇ ಇತ್ತು.”

ಇನ್ನೊಮ್ಮೆ ಕರೆಂಟು ಕೊಟ್ಟರೆ ಮತ್ತೆ ಹೇಳುವುದಿಲ್ಲವೇ ಎಂದು ಗೋಗರೆದೆ. ನನ್ನ ಸಮಾಧಾನಕ್ಕೆಂದು ಕೊಟ್ಟು ನೋಡಿದಳು. ದಣಿದ ಎಳೆಗಳು ತಟ್ಟೆಯ ತಳ ಬಿಟ್ಟು ಸುರುಳಿಯಾಗಿ ಮೇಲೆದ್ದವು. ಆ ನಂಬರಿನ ಮುಂದೆ ಸ್ವಪ್ನಾ ಅಡ್ಡಗೆರೆ ಎಳೆದಳು. ಅದು ಯಾರ ನಂಬರೆಂದು ನಾನು ಹೇಳಲಿಲ್ಲ. ನಾನು ಆ ದಿನ ಅತ್ತದ್ದು ತನ್ನ ಥೀಸಿಸ್ಸಿಗಾಗಿ ಎಂದೇ ಅವಳು ಇವತ್ತಿಗೂ ನಂಬಿದ್ದಾಳೆ.

ಮಹಾದೇವಿ ಕಳಿಸಿದ ಕೊನೆಯ ಡಬ್ಬಿಯನ್ನು ಎದುರುಮನೆಯವರು ಅವಳ ದಿನಕರ್ಮಗಳೆಲ್ಲ ಮುಗಿದ ಮೇಲೆ ಸಕ್ಕರೆ ಹಾಕಿ ವಾಪಸು ಕೊಟ್ಟರು. ಆ ಸಕ್ಕರೆಗೆ ಇರುವೆ ಹತ್ತಿವೆ. ನನಗೆ ಚೆಲ್ಲಲು ಆಗಿಲ್ಲ.

ಲ್ಯಾಬಿನ ಸಿಂಕಿನ ಮೇಲೆ ಈಗ ನಾನೇ ಒಂದು ಚೀಟಿ ಅಂಟಿಸಿದ್ದೇನೆ: ಏನಿದೆ ಎಂದು ನೋಡದೆ ಏನನ್ನೂ ಚೆಲ್ಲಬೇಡಿ. ಇಂಗ್ಲಿಷಿನಲ್ಲಿದೆ, ತೆಲುಗಿನಲ್ಲಿದೆ, ಹಿಂದಿಯಲ್ಲಿದೆ. ಹೊಸ ಹುಡುಗರು ಎಷ್ಟು ಜಾಗರೂಕ ಮನುಷ್ಯ ಎಂದು ಹೊಗಳುತ್ತಾರೆ. ಕನ್ನಡದಲ್ಲಿ ಬರೆಯಲಿಲ್ಲ. ಅಲ್ಲಿ ಕನ್ನಡ ಓದಲು ಬರುವವನು ನಾನೊಬ್ಬನೇ.