ಅರ್ಧ ಹೆಸರಿಗೆ ತೀರಿಕೊಂಡ ಅಜ್ಜ

ಅರ್ಧ ಕೇಳಿ ಪೂರ್ತಿ ಕೆಲಸ ಮಾಡಿಬಿಡುವುದು ನನ್ನ ಹುಟ್ಟುಗುಣ. ಹೆಂಡತಿ "ಸಂತಿಗೆ..." ಎನ್ನುವಷ್ಟರಲ್ಲಿ ಚೀಲ ಹಿಡಿದು ಬೀದಿಯಲ್ಲಿರುತ್ತೇನೆ. "ಸಂತಿಗೆ ಹೋಗಬ್ಯಾಡ್ರಿ, ಕಾಯಿಪಲ್ಯ ಬಂದೈತಿ" ಎಂಬ ಉಳಿದರ್ಧ ಬಾಗಿಲಲ್ಲೇ ಉಳಿಯುತ್ತದೆ. ಈ ಗುಣವನ್ನು ಕಂಪ್ಯೂಟರಿಗೂ ಕಲಿಸಿದರೆ ಏನಾಗುತ್ತದೆಂದು ಕಣ್ಣಾರೆ ಕಂಡಿದ್ದೇನೆ. ಅದನ್ನು ನಿಧಾನವಾಗಿ, ಪೂರ್ತಿ ಹೇಳುತ್ತೇನೆ.

ಹಾನಗಲ್ಲಿನಲ್ಲಿ ನನ್ನದು ಲಗ್ನಪತ್ರಿಕೆ ಅಚ್ಚುಹಾಕುವ ಅಂಗಡಿ. ನೆಂಟರ ಹೆಸರುಗಳನ್ನೆಲ್ಲ ಎಕ್ಸ್‌ಎಂಎಲ್ ಕಡತದಲ್ಲಿ ತುಂಬುತ್ತೇನೆ; ಒಂದೊಂದಕ್ಕೂ ಟ್ಯಾಗು ಎಂಬ ಹಣೆಪಟ್ಟಿ. ಅದನ್ನು ನೋಡಿ ಯಾರನ್ನು ಹೇಗೆ ಅಚ್ಚುಹಾಕಬೇಕೆಂದು ತೀರ್ಮಾನಿಸುವುದು ಸ್ಟೈಲ್‌ಶೀಟು. ನಮ್ಮಲ್ಲಿ ಅಜ್ಜಂದಿರನ್ನು ಊರಿನಿಂದ ಗುರುತಿಸುವುದು ರೂಢಿ. ಹಾಗಾಗಿ ಟ್ಯಾಗುಗಳೂ 'ಅಜ್ಜ-ಸವಣೂರು', 'ಅಜ್ಜ-ಹಿರೇಕೆರೂರು'. ಊರಿಗೊಂದು ನಿಯಮ ಯಾರು ಬರೆಯುತ್ತಾರೆ? 'ಅಜ್ಜ' ಎಂದು ಶುರುವಾಗುವ ಟ್ಯಾಗು ಯಾವುದಿದ್ದರೂ ಹೆಸರಿನ ಮುಂದೆ 'ದಿ.' ಹಾಕು ಎಂದುಬಿಟ್ಟೆ. ಅಂದು ನನ್ನ ಮುಂದಿದ್ದ ಪತ್ರಿಕೆಯ ಮನೆತನದಲ್ಲಿ ಇಬ್ಬರೂ ಅಜ್ಜಂದಿರು ತೀರಿಕೊಂಡಿದ್ದರು.

ಮುಂದಿನ ಪತ್ರಿಕೆ ಸವಣೂರಿನದು; ನಿಯಮ ಮಾತ್ರ ಹಳೆಯದೇ. ಮೊದಲ ಪ್ರತಿಗೆ ಅರಿಶಿನ ಹಚ್ಚಿ ದೇವರ ಮುಂದಿಟ್ಟು, ಮನೆಯ ಹಿರಿಯರಿಂದ ಗಟ್ಟಿಯಾಗಿ ಓದಿಸಿದ್ದಾರೆ. ಹಿರಿಯರೆಂದರೆ ಮದುಮಗಳ ಅಜ್ಜ ಚನ್ನಬಸಪ್ಪನವರು. ಓದುತ್ತ ಓದುತ್ತ ತಮ್ಮ ಹೆಸರಿಗೆ ಬಂದು, "ದಿವಂಗತ..." ಎಂದು ನಿಂತರಂತೆ. ಅಪಶಕುನವಾಯಿತು, ಲಗ್ನವೇ ಬೇಡ ಎಂದು ಅವರ ಸೊಸೆ, ಅಂದರೆ ಮದುಮಗಳ ತಾಯಿ, ಅಳುತ್ತ ಕುಳಿತರಂತೆ.

ಮಧ್ಯಾಹ್ನ ಸ್ವತಃ ದಿವಂಗತರೇ ಬಸ್ಸಿಳಿದು ಅಂಗಡಿಗೆ ಬಂದರು. ಕೈಯಲ್ಲಿ ಕುರುಕಲು ತಿಂಡಿ ಸವಣೂರು ಖಾರದ ಪೊಟ್ಟಣ. ನಾನು ಎದ್ದು ನಿಂತೆ. ಕುರ್ಚಿಯನ್ನು ಅವರ ಮುಂದೆ ಸರಿಸಿದೆ.

"ತಮ್ಮಾ, ನಾ ಸತ್ತ ಸುದ್ದಿ ನಿನಗ್ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ ಅಜ್ಜಾರ. ಮಷೀನು ಟ್ಯಾಗಿನ ಅರ್ಧ ಹೆಸರಷ್ಟ ನೋಡತೈತ್ರಿ."

"ಯಮ ಸೈತ ಪೂರಾ ಹೆಸರು ಕೇಳಿ ಒಯ್ತಾನಲೇ! ಎಲ್ಲೈತಿ, ತೋರಸು."

ಸಿಟ್ಟಿಗಿಂತ ಕುತೂಹಲವೇ ಹೆಚ್ಚು. ಖಾರ ಮೆಲ್ಲುತ್ತ ತೆರೆಗೆ ಮೂಗು ತಾಗಿಸಿ ನೋಡಿದರು. ತೀರಿಕೊಂಡವರಿಗೆ ಬೇರೆಯೇ ಗುರುತು ಹಾಕಿದ್ದರೆ ಮಾತ್ರ 'ದಿ.' ಬರುವಂತೆ ನಿಯಮ ತಿದ್ದಿ, ಮತ್ತೆ ಓಡಿಸಿದೆ. 'ದಿ.' ಮಾಯವಾಯಿತು.

"ಎದ್ದು ಕುಂತಿ ನೋಡಪಾ ಚನ್ನಬಸಪ್ಪಾ!" ಎಂದು ತಮ್ಮ ಹೆಸರನ್ನೇ ಮಾತಾಡಿಸಿದರು. ಹೊಸ ಪತ್ರಿಕೆಗಳ ಕಟ್ಟನ್ನು ಬಗಲಿಗೆ ಹಾಕಿಕೊಂಡರು. "ಸುಳ್ಳ ಸಾವಿನ ಸುದ್ದಿ ಬಂದ್ರ ಆಯುಷ್ಯ ಗಟ್ಟಿ ಅಂತ ಸೊಸಿಗೆ ಹೇಳ್ತೇನಿ. ಲಗ್ನಕ್ಕ ನೀನೂ ಬರಬೇಕ ಮತ್ತ. ಉಣ್ಣಾಕ ನನ್ನ ಬಾಜೂಕ ಕುಂಡ್ರು, ನಾಕ ಮಂದಿ ನೋಡ್ಲಿ."

ಹೋದೆ, ಉಂಡೆ. ಬಡಿಸಿದವರು ಸೊಸೆಯೇ.

ಮೊನ್ನೆ ನನ್ನ ಮಗಳ ಕೂಸಿನ ತೊಟ್ಟಿಲ ಕಾರ್ಯದ ಕಾರ್ಡು ಮಾಡುತ್ತಿದ್ದೆ. 'ಅಜ್ಜ-ಹಾನಗಲ್' ಎಂದರೆ ಈಗ ನಾನೇ. ಕುತೂಹಲ ತಡೆಯಲಾರದೆ ಹಳೆಯ ನಿಯಮವನ್ನೇ ಒಮ್ಮೆ ಓಡಿಸಿದೆ. ನನ್ನ ಹೆಸರಿನ ಮುಂದೆ 'ದಿ.' ಹೇಳಿ ಮಾಡಿಸಿದಂತೆ ಕೂತಿತ್ತು. ನನ್ನ ನಾಡಿ ನಾನೇ ಹಿಡಿದು ಖಾತ್ರಿ ಮಾಡಿಕೊಂಡು, ಆಮೇಲೆ ಅಳಿಸಿದೆ.