‘ವರ್’ ಎಂಬ ಬಹುವಚನದ ಬಗ್ಗೆ ‘ಇಫ್’ ಸಾಹೇಬರಿಗೆ

ಮಾನ್ಯ ‘ಇಫ್’ ಸಾಹೇಬರೇ,

ಇಂಗ್ಲಿಷ್ ವಾಕ್ಯದ ಹೆಬ್ಬಾಗಿಲಲ್ಲೇ ಕಾವಲು ನಿಂತು, ಒಳಗೆ ಹೋಗುವ ಕ್ರಿಯಾಪದಗಳನ್ನೆಲ್ಲ ತಪಾಸಣೆ ಮಾಡುವ ತಮಗೆ ಈ ಗ್ರಂಥಾಲಯ ಸಹಾಯಕಿಯ ನಮಸ್ಕಾರಗಳು. ನಮ್ಮ ಕನ್ನಡದ ‘ರೆ’ ಪಾಪ, ಕ್ರಿಯಾಪದದ ಬಾಲ ಹಿಡಿದುಕೊಂಡು ಸದ್ದಿಲ್ಲದೆ ಬರುತ್ತದೆ. ತಮ್ಮ ಗತ್ತು ಅದಕ್ಕೆಲ್ಲಿ ಬರಬೇಕು.

ಮುಖ್ಯ ಗ್ರಂಥಪಾಲಕರು ನಿವೃತ್ತರಾಗಿ ಆರು ವರ್ಷವಾಯಿತು. ಅಂದಿನಿಂದ ಬಾಗಿಲಿನ ಬೀಗದ ಕೈ ನನ್ನ ಕೈಚೀಲದಲ್ಲಿದೆ. ಗೆದ್ದಲು ಹಿಡಿದ ಕಪಾಟು, ಪುಟ ಹರಿಯುವ ಓದುಗರು, ತಿರುಗಲೊಲ್ಲದ ಫ್ಯಾನು ಎಲ್ಲವೂ ನನ್ನ ಪಾಲಿಗೇ. ಹುದ್ದೆ ಮಾತ್ರ ಸಿಕ್ಕಿಲ್ಲ. ಅದಕ್ಕೆಂದು ಕಳೆದ ತಿಂಗಳು ಇಂಗ್ಲಿಷ್ ಪರೀಕ್ಷೆಗೆ ಕುಳಿತೆ. ‘ನೀವು ಮುಖ್ಯ ಗ್ರಂಥಪಾಲಕಿಯಾಗಿದ್ದರೆ ಏನು ಮಾಡುತ್ತಿದ್ದಿರಿ?’ ಎಂಬ ಪ್ರಶ್ನೆಗೆ ದಿನಾ ಮಾಡುವುದನ್ನೇ ವರ್ತಮಾನಕಾಲದಲ್ಲಿ ಬರೆದೆ: ಒಂಬತ್ತಕ್ಕೆ ಬಾಗಿಲು ತೆಗೆಯುತ್ತೇನೆ, ಪತ್ರಿಕೆಗಳನ್ನು ಜೋಡಿಸಿಡುತ್ತೇನೆ. ಎರಡು ಅಂಕ ಹೋಯಿತು; ಒಂದು ಅಂಕದಲ್ಲಿ ನಪಾಸಾದೆ.

ಪರೀಕ್ಷಕರು ದಿನಾ ಬೆಳಿಗ್ಗೆ ನಮ್ಮಲ್ಲೇ ಪತ್ರಿಕೆ ಓದುವವರು. ಕೇಳಿದ್ದಕ್ಕೆ ಕನ್ನಡಕದ ಮೇಲಿನಿಂದ ನೋಡಿ, “ಇದು ಕಲ್ಪನೆ ಮೇಡಂ. ನಿಜವಾಗಿ ಮಾಡೋದನ್ನ ಬರೆದ್ರೆ ಹೇಗೆ? ‘ಇಫ್ ಐ ವರ್’, ‘ಐ ವುಡ್’ ಅನ್ನಬೇಕು,” ಎಂದರು.

ಒಬ್ಬಳೇ ಒಬ್ಬಳಾದ ನನಗೆ ‘ವಾಸ್’ ಬಿಟ್ಟು ‘ವರ್’ ಎಂಬ ಬಹುವಚನ ಯಾಕೆಂದು ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು: ಮರ್ಯಾದೆಗೆ! ಮನೆಯಲ್ಲಿ ಅತ್ತೆಯಿಂದ ಮಗಳವರೆಗೆ ಎಲ್ಲರಿಗೂ ನಾನು ‘ನೀನು’. ಬಹುವಚನ ಕೊಟ್ಟು ಗೌರವಿಸಿದವರು ತಾವೊಬ್ಬರೇ, ಅದೂ ನಾನು ನಾನಲ್ಲದಾಗ ಮಾತ್ರ. ಈ ಸಂಭ್ರಮವನ್ನು ಮಗಳಿಗೆ ಹೇಳಿದರೆ, “ಅಮ್ಮಾ, ನೀನು ರಾಣಿಯಾಗಿದ್ರೂ ಚಹಾ ನೀನೇ ಮಾಡ್ತಿದ್ದೆ ಬಿಡು,” ಎಂದಳು. ವ್ಯಾಕರಣ ಸರಿಯಾಗಿಯೇ ಇತ್ತು.

ಆದ್ದರಿಂದ ತಮ್ಮಲ್ಲಿ ಬಿನ್ನಹ. ‘ವರ್’ ಅವರನ್ನು ವಾರಕ್ಕೊಮ್ಮೆ, ಭಾನುವಾರವಾದರೂ, ನಮ್ಮ ಅಡುಗೆಮನೆಗೆ ಕಳುಹಿಸಿಕೊಡಿ. ‘ವುಡ್’ ಅವರಿಗೆ ಬಿಡುವಿದ್ದರೆ ಒಮ್ಮೆ ಏಣಿ ಹತ್ತಿ ಆ ಫ್ಯಾನಿನ ಧೂಳು ಒರೆಸಲಿ. ಏಣಿಯನ್ನು ಹಿಡಿದುಕೊಳ್ಳಲು ನಾನಿದ್ದೇನೆ, ವರ್ತಮಾನಕಾಲದಲ್ಲಿ.

ಒಂದು ಅಂಕ ಹೆಚ್ಚು ಬಂದಿದ್ದರೆ
ತಮ್ಮ ವಿಶ್ವಾಸಿಯಾಗಿರುತ್ತಿದ್ದ
ಸಹಾಯಕಿ

ತಾ.ಕ.: ಪಾಠ ಮನದಟ್ಟಾಗಿದೆ. ನಾನು ಮುಖ್ಯ ಗ್ರಂಥಪಾಲಕಿಯಾಗಿದ್ದರೆ ಇವತ್ತು ಒಂಬತ್ತಕ್ಕೆ ಬಾಗಿಲು ತೆಗೆಯುತ್ತಿದ್ದೆ. ಈ ಪತ್ರವನ್ನು ಬೀಗದ ಪಕ್ಕದಲ್ಲೇ ಅಂಟಿಸಿದ್ದೇನೆ. ಪತ್ರಿಕೆ ಓದಲು ಬಂದ ಪರೀಕ್ಷಕರು ದಯವಿಟ್ಟು ಇದನ್ನೇ ನಿಂತುಕೊಂಡು ಓದಿ, ವ್ಯಾಕರಣದ ತಪ್ಪಿದ್ದರೆ ತಿದ್ದಿಡಬೇಕು.