ಪರದೆ ಮೀರಿ ಬೆಳೆದವರಿಗೆ

ಮಾನ್ಯ ಅರ್ಜಿ ವಿಂಡೋ ಅವರಿಗೆ,

ಬನ್ನೂರು ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯ ಮಹದೇವಯ್ಯನ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಾವು ನಮ್ಮ ಕಂಪ್ಯೂಟರಿನ ಪರದೆಯನ್ನೇ ಮೀರಿ ಬೆಳೆದಿರುವುದರಿಂದ ತಮ್ಮ ಆರೋಗ್ಯ ವಿಚಾರಿಸುವ ಅಗತ್ಯ ಬೀಳಲಿಲ್ಲ.

ಹೋದ ಜೂನ್‌ನ ಒಂದು ಶುಕ್ರವಾರ ಮುಡುಕುತೊರೆಯ ಮಾದಮ್ಮ ಕೂಲಿ ಬಿಟ್ಟು, ಮಗಳು ಪವಿತ್ರಳನ್ನು ಕರೆತಂದಿದ್ದರು. ಮೈಸೂರಿನ ವಿದ್ಯಾರ್ಥಿನಿಲಯದಲ್ಲಿ ಜಾಗ ಸಿಕ್ಕರೆ ಹುಡುಗಿ ಕಾಲೇಜಿಗೆ, ಇಲ್ಲದಿದ್ದರೆ ತಾಯಿಯ ಜೊತೆ ಕಬ್ಬಿನ ಗದ್ದೆಗೆ; ಅರ್ಜಿ ಹಾಕುವ ಗಡುವು ಅಂದೇ ಸಂಜೆ ಐದಕ್ಕೆ. ತಾವೋ, ಅಂಗೈ ಅಗಲದ ಲಾಂಛನ, ಅದರ ಕೆಳಗೆ ನಗುವ ಮಕ್ಕಳ ಚಿತ್ರ, ಅದರ ಕೆಳಗೆ ಸುಸ್ವಾಗತ, ಎಲ್ಲವನ್ನೂ ಧಾರಾಳವಾಗಿ ಹರಡಿಕೊಂಡು, 'ಸಲ್ಲಿಸಿ' ಎಂಬ ಗುಂಡಿಯೊಂದನ್ನು ಮಾತ್ರ ಪರದೆಯ ಕೆಳಗೆ ಅಡಗಿಸಿಟ್ಟಿರಿ. ಮೇಲೆ ಸರಿಸಿದರೆ ಸರಿಯುವವರಲ್ಲ, ಮೂಲೆ ಹಿಡಿದು ಎಳೆದರೆ ಕುಗ್ಗುವವರೂ ಅಲ್ಲ. ಅಬ್ಬಬ್ಬಾ, ಎಂಥ ಸ್ವಾಭಿಮಾನ!

ಪಕ್ಕದ ಟೀ ಅಂಗಡಿಯ ಬೆಟ್ಟಸ್ವಾಮಿ, "ಟೇಬ್ಲು ಅಡ್ಡ ಬಂದದೆ ಕಣಣ್ಣ, ವಸಿ ಮ್ಯಾಲಕ್ಕೆತ್ತು" ಎಂದು ಮಾನಿಟರಿನ ಅಡಿಗೆ ಎರಡು ಇಟ್ಟಿಗೆ ಇಟ್ಟ. ನಾಚಿಕೆ ಬಿಟ್ಟು ಹೇಳುತ್ತೇನೆ, ಇಪ್ಪತ್ತು ವರ್ಷ ಕಂಪ್ಯೂಟರ್ ಕುಟ್ಟಿದ ನಾನೂ ಬಗ್ಗಿ ಇಣುಕಿದೆ. ಮಾದಮ್ಮ ಗಡಿಯಾರವನ್ನೇ ನೋಡುತ್ತ, "ಇನ್ನೆಷ್ಟೊತ್ತದೆ ಸಾ?" ಎನ್ನುತ್ತಿದ್ದರು. ನನಗೆ ಅಳುವೇ ಬಂತು.

ಕೊನೆಗೆ ಪವಿತ್ರಳೇ ಕೀಬೋರ್ಡ್ ಎಳೆದುಕೊಂಡಳು. ಶಾಲೆಯಲ್ಲಿ ಮೇಷ್ಟ್ರು ದೊಡ್ಡ ಪರದೆಯ ಮೇಲೆ ತೋರಿಸಿದಾಗ ಅವಳಿಗೆ ಒಮ್ಮೆ ತಮ್ಮ ಪೂರ್ಣ ದರ್ಶನವಾಗಿತ್ತಂತೆ: ಕೆಳಗೆ ಮೊದಲು 'ಅಳಿಸಿ', ಆಮೇಲೆ 'ಸಲ್ಲಿಸಿ'. ಒಂದು ಗುಂಡಿಯಿಂದ ಮುಂದಿನದಕ್ಕೆ ದಾಟಿಸುವ ಟ್ಯಾಬ್ ಕೀಲಿಯನ್ನು ಎರಡು ಸಲ ಒತ್ತಿ ಎಂಟರ್ ಹೊಡೆಯಬೇಕು; ಒಂದು ಸಲಕ್ಕೇ ನಿಲ್ಲಿಸಿ ಹೊಡೆದರೆ ತುಂಬಿದ ಅರ್ಜಿಯೆಲ್ಲ ಕಾವೇರಿ ಪಾಲು. ಹುಡುಗಿ "ಒಂದು, ಎರಡು" ಎಂದು ಎಣಿಸಿ ಎಂಟರ್ ಕುಟ್ಟಿದಳು. ಐದಕ್ಕೆ ಎರಡು ನಿಮಿಷ ಇರುವಾಗ ಮಾದಮ್ಮನ ಫೋನಿಗೆ 'ಅರ್ಜಿ ಸ್ವೀಕರಿಸಲಾಗಿದೆ' ಎಂಬ ಸಂದೇಶ ಬಂತು.

ಆದ್ದರಿಂದ ತಮ್ಮಲ್ಲಿ ಕಳಕಳಿಯ ಪ್ರಾರ್ಥನೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮಂಥವರಿಗೆ ಹೇಳುತ್ತಾರೆ. ತಾವೂ ಒಮ್ಮೆ ಪರದೆ ಎಷ್ಟಿದೆಯೆಂದು ಅಳೆದು ಕೂರಬಾರದೇ? ಅದು ತಮ್ಮ ಘನತೆಗೆ ಕುಂದೆನಿಸಿದರೆ ಅಪ್ಪಣೆ ಕೊಡಿಸಿ, ಮೇಜಿಗೆ ತೂತು ಕೊರೆಸುತ್ತೇನೆ, ಕಾಲು ಇಳಿಬಿಟ್ಟು ಸುಖವಾಗಿ ವಿರಾಜಮಾನರಾಗಬಹುದು.

ಇಣುಕಿ ಇಣುಕಿ ಸೊಂಟ ಹಿಡಿಸಿಕೊಂಡಿರುವ
ತಮ್ಮ ವಿಶ್ವಾಸಿ,
ಮಹದೇವಯ್ಯ

ವಿ.ಸೂ.: ಇದನ್ನೆಲ್ಲ ಮೊದಲು ತಮ್ಮದೇ ದೂರಿನ ಪುಟದಲ್ಲಿ ತುಂಬಿದ್ದೆ. ಅದರ 'ಕಳುಹಿಸಿ' ಗುಂಡಿಯೂ ಪಾತಾಳದಲ್ಲೇ ಇದೆ. ಎಣಿಸಿ ಒತ್ತೋಣವೆಂದರೆ ಪವಿತ್ರ ಈಗ ಮೈಸೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಾಳೆ. ಹಾಗಾಗಿ ಈ ಕಾಗದವನ್ನು ಅಂಗಡಿಯ ಬಾಗಿಲಿಗೆ ಅಂಟಿಸಿದ್ದೇನೆ. ಕೊನೆಯ ಸಾಲಿನವರೆಗೂ ಕಾಣುತ್ತದೆ.